ಗುಣನಡತೆಗೆ ಇಬ್ಬರು ಸಾಕ್ಷಿ

ಅರ್ಜಿಯಲ್ಲಿ ಹದಿನಾರು ಪ್ರಶ್ನೆಗಳಿದ್ದವು. ಹದಿನೈದಕ್ಕೆ ರೂಪ ಅರ್ಧ ಗಂಟೆಯೊಳಗೆ ಉತ್ತರ ಬರೆದು ಮುಗಿಸಿದಳು. ವಯಸ್ಸು ಇಪ್ಪತ್ತೊಂಬತ್ತು. ಓದಿದ್ದು ನರ್ಸಿಂಗ್. ಹನೂರು ತಾಲ್ಲೂಕಿನ ಕಾಡಂಚಿನ ಆರೋಗ್ಯ ಕೇಂದ್ರವೊಂದರಲ್ಲಿ ಆರು ವರ್ಷದಿಂದ ಕೆಲಸ. ಮದುವೆ ಆಗಿಲ್ಲ. ತಂದೆತಾಯಿ ಇಲ್ಲ. ಹದಿನಾರನೆಯದರ ಮುಂದೆ ಪೆನ್ನು ನಿಂತುಬಿಟ್ಟಿತು. ಹೊರದೇಶದಲ್ಲಿ ಸ್ವಯಂಸೇವೆ ಮಾಡಲು ನೀವು ಬಯಸುವುದೇಕೆ, ಇನ್ನೂರು ಪದಗಳಲ್ಲಿ ತಿಳಿಸಿ ಎಂದು ಅದು ಇಂಗ್ಲಿಷಿನಲ್ಲಿ ಕೇಳಿತ್ತು.

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಶ್ವೇತಾಳ ಮನೆ. ಇಬ್ಬರೂ ಮಾಳಿಗೆಯ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದರು. ಕೆಳಗೆ ಶ್ವೇತಾಳ ತಂದೆ ರಾಮಲಿಂಗಯ್ಯನವರ ಎರಡು ಮಗ್ಗಗಳು ಒಂದಾದ ಮೇಲೊಂದರಂತೆ ಬಡಿದುಕೊಳ್ಳುತ್ತಿದ್ದವು. ಶ್ವೇತಾ ಕೂಡ ಅದೇ ಆರೋಗ್ಯ ಕೇಂದ್ರದ ನರ್ಸು. ಅಜ್ಜೀಪುರದಲ್ಲಿ ಇಬ್ಬರೂ ಸೇರಿ ಒಂದು ಬಾಡಿಗೆ ಕೋಣೆ ಮಾಡಿಕೊಂಡಿದ್ದರು. ಮಲಾವಿ ಎಂಬ ದೇಶದ ಹಳ್ಳಿ ಆಸ್ಪತ್ರೆಗಳಿಗೆ ಎರಡು ವರ್ಷದ ಮಟ್ಟಿಗೆ ನರ್ಸುಗಳು ಬೇಕಾಗಿದ್ದಾರೆ, ಸಂಬಳವಿಲ್ಲ, ಊಟ ವಸತಿ ಮತ್ತು ಕೈಖರ್ಚಿಗಷ್ಟು ಕೊಡುತ್ತಾರೆ ಎಂಬ ಸುದ್ದಿಯನ್ನು ಫೋನಿನಲ್ಲಿ ಮೊದಲು ನೋಡಿದವಳು ಶ್ವೇತಾಳೇ. ಸೇವಾಸೇತು ಎಂಬ ಬೆಂಗಳೂರಿನ ಸಂಸ್ಥೆ ಅರ್ಜಿ ಕರೆದಿತ್ತು.

ಶ್ವೇತಾ ತನ್ನ ಕಾರಣವನ್ನು ಮುಚ್ಚಿಟ್ಟವಳಲ್ಲ. ಎರಡು ವರ್ಷ ಹೊರದೇಶದಲ್ಲಿ ಇದ್ದು ಬಂದ ಕಾಗದ ಕೈಯಲ್ಲಿದ್ದರೆ ಮುಂದೆ ಎಲ್ಲಿ ಬೇಕಾದರೂ ಕೆಲಸ ಸಿಗುತ್ತದೆ, ಅಷ್ಟರೊಳಗೆ ಮನೆಯಲ್ಲಿ ಗಂಡು ನೋಡುವ ಮಾತೂ ತಣ್ಣಗಾಗುತ್ತದೆ ಎಂದಿದ್ದಳು. ಅರ್ಜಿಯಲ್ಲಿ ಮಾತ್ರ, ಚಿಕ್ಕಂದಿನಿಂದಲೂ ಬಡವರ ಸೇವೆ ಮಾಡುವ ಹಂಬಲ ಎಂದು ಅಂದವಾಗಿ ಬರೆದುಕೊಂಡಳು. ಆಮೇಲೆ ರೂಪಳ ಖಾಲಿ ಜಾಗ ನೋಡಿ, ನಿನಗೇನು ಕಷ್ಟ ಎಂದಳು.

"ಬೊಮ್ಮಿ ವಿಷಯ ಬರಿ. ರಸ್ತೆ ಇಲ್ದೆ, ಗಾಡಿ ಬರದೆ ನಿನ್ನ ಗೆಳತಿ ಹೋಗಿಬಿಟ್ಳಲ್ಲ, ಅದನ್ನ ನೋಡಿದ ಮೇಲೆ ಇಂಥ ಸಾವು ಎಲ್ಲೂ ಆಗಬಾರದು ಅನ್ನಿಸ್ತು ಅಂತ ಬರಿ. ಅದಕ್ಕಿಂತ ಕಾರಣ ಬೇಕಾ?"

ರೂಪ ಪೆನ್ನು ಕೆಳಗಿಟ್ಟಳು. ಕೊನೆಗೆ ಶ್ವೇತಾಳೇ ಆ ಇನ್ನೂರು ಪದ ಬರೆದುಕೊಟ್ಟಳು. ರೂಪ ಅದನ್ನು ತಿದ್ದದೆ, ಎರಡನೇ ಸಲ ಓದದೆ ಕಳಿಸಿದಳು.

ಬೊಮ್ಮಿ ಮತ್ತು ರೂಪ ಒಂದೇ ಪೋಡಿನ ಸೋಲಿಗರ ಹೆಣ್ಣುಮಕ್ಕಳು. ಕಾಡೊಳಗೆ ಮೂವತ್ತು ಮನೆಗಳ ಹಾಡಿಯಾದ ಕೀರನಪೋಡಿನಿಂದ ಏಳನೇ ವಯಸ್ಸಿಗೆ ಇಬ್ಬರನ್ನೂ ಯಳಂದೂರಿನ ಹಾಸ್ಟೆಲಿಗೆ ಸೇರಿಸಿದ್ದರು. ಏಳನೇ ತರಗತಿಯಲ್ಲಿ ಬೊಮ್ಮಿ, ಇನ್ನು ನನ್ನಿಂದ ಆಗದು ಎಂದು ಕಾಡಿಗೆ ವಾಪಸ್ಸು ಹೋದಳು. ರೂಪ ಉಳಿದಳು, ಓದಿದಳು, ಪೋಡಿನ ಮೊದಲ ನರ್ಸಾದಳು. ಅವಳನ್ನು ತಮ್ಮ ಕಡೆಯ ಆಸ್ಪತ್ರೆಗೇ ಹಾಕಿದಾಗ ಪೋಡಿನವರು ಮನೆಗೊಂದು ಸೇರಿನಂತೆ ರಾಗಿ ಕೂಡಿಸಿ ಹಬ್ಬದ ಅಡುಗೆ ಮಾಡಿದ್ದರು. ಬೊಮ್ಮಿ ಜಡೇಸ್ವಾಮಿಯನ್ನು ಮದುವೆಯಾಗಿದ್ದಳು. ಅವನು ಅರಣ್ಯ ಇಲಾಖೆಯಲ್ಲಿ ದಿನಗೂಲಿ ವಾಚರು. ಒಂದು ಹೆಣ್ಣು ಮಗು ಆಗಿತ್ತು, ಎರಡನೆಯದಕ್ಕೆ ತುಂಬು ಬಸುರಿ.

ಹೋದ ವರ್ಷ ಕಾರ್ತಿಕದಲ್ಲಿ ಎರಡು ದಿನ ಬಿಡದೆ ಮಳೆ ಹುಯ್ದ ಮೇಲಿನ ಗುರುವಾರ ಅದು. ಆರೋಗ್ಯ ಕೇಂದ್ರಕ್ಕೆ ರಾಜ್ಯದಿಂದ ತಪಾಸಣೆಯ ತಂಡ ಬಂದಿತ್ತು. ಗುಣಮಟ್ಟದ ಪ್ರಮಾಣಪತ್ರ ಸಿಗಬೇಕೆಂದು ಡಾಕ್ಟರು ಷಡಕ್ಷರಿ ತಿಂಗಳಿಂದ ಎಲ್ಲರನ್ನೂ ದುಡಿಸಿದ್ದರು. ಗೋಡೆಗೆ ಸುಣ್ಣ, ಹೆರಿಗೆ ಕೋಣೆಗೆ ಹೊಸ ಪರದೆ, ಜೀಪಿಗೆ ಸ್ನಾನ. ತಂಡ ಹೋಗುವತನಕ ಯಾರೂ ಜಾಗ ಬಿಟ್ಟು ಕದಲಬಾರದು ಎಂದಿದ್ದರು.

ಹನ್ನೊಂದರ ಹೊತ್ತಿಗೆ ಜಡೇಸ್ವಾಮಿಯ ಫೋನು ಬಂತು. ಪೋಡಿನಲ್ಲಿ ಸಿಗ್ನಲ್ ಸಿಗುವುದು ಮೇಲಿನ ಬಂಡೆಯ ಮೇಲೆ ಮಾತ್ರ. ಅವನು ಏದುಸಿರು ಬಿಡುತ್ತಿದ್ದ. ನೋವಿಗೆ ಮೊದಲೇ ರಕ್ತ ಹೋಗುತ್ತಿದೆ, ಇದು ನನ್ನ ಕೈಮೀರಿದ್ದು ಎಂದು ಸೂಲಗಿತ್ತಿ ದೊಡ್ಡಮಾದಮ್ಮ ಹೇಳಿಬಿಟ್ಟಿದ್ದಾಳೆ ಎಂದ. ರೂಪಳಿಗೆ ಅದರ ಅರ್ಥ ಆ ಕ್ಷಣವೇ ಗೊತ್ತಾಯಿತು. ಜೀಪು ಕೇಳಬೇಕು ಅನ್ನಿಸಿತು. ಕಿಟಕಿಯಾಚೆ ಜೀಪು ತೊಳೆದು ಒರೆಸಿ ನಿಂತಿತ್ತು, ಅದರ ಪಕ್ಕದಲ್ಲಿ ಡಾಕ್ಟರು ತಂಡದವರಿಗೆ ಏನೋ ತೋರಿಸುತ್ತಿದ್ದರು. ಕೇಳಿದ್ದರೆ ಕೊಡುತ್ತಿದ್ದರೇನೋ. ಅವಳು ಕೇಳಲಿಲ್ಲ. ಕಂಬಳಿ ಕಟ್ಟಿ ಹೊತ್ತುಕೊಂಡು ಟಾರು ರಸ್ತೆಗೆ ಬನ್ನಿ, ಅಷ್ಟರಲ್ಲಿ ನೂರೆಂಟರ ಗಾಡಿ ಅಲ್ಲಿರುತ್ತದೆ ಎಂದಳು. ಗಾಡಿಗೂ ಫೋನು ಮಾಡಿದಳು. ಗಾಡಿ ಹೇಳಿದ ಜಾಗಕ್ಕೆ ಬಂದು ನಿಂತಿತು.

ಪೋಡಿನಿಂದ ಟಾರು ರಸ್ತೆಗೆ ಐದು ಕಿಲೋಮೀಟರು ಕಾಲುದಾರಿ, ನಡುವೆ ಒಂದು ಹಳ್ಳ. ಹಳ್ಳ ತುಂಬಿ ಹರಿಯುತ್ತಿತ್ತು. ಬೊಮ್ಮಿಯನ್ನು ದಡದಲ್ಲಿ ಇಳಿಸಿ ಜಡೇಸ್ವಾಮಿ ಮತ್ತೆ ಬಂಡೆಗೆ ಓಡಿದ. ಅರಣ್ಯ ಇಲಾಖೆಯ ಗೇಟು ದಾಟಿ ಮೇಲಿಂದ ಬರುವ ಜೀಪು ದಾರಿ ಒಂದಿತ್ತು. ಪೋಲಿಯೋ ಹನಿ ಹಾಕುವಾಗ ಆಸ್ಪತ್ರೆಯ ಜೀಪು ಅದರಲ್ಲೇ ಬರುತ್ತಿತ್ತು. ಆ ದಾರಿಯಲ್ಲಿ ಜೀಪು ಕಳಿಸು ಎಂದು ಕೇಳಲು ಅವನು ಮೂರು ಸಲ ಫೋನು ಮಾಡಿದ.

ಆಗ ರೂಪ ಹೆರಿಗೆ ಕೋಣೆಯಲ್ಲಿ ತಂಡದ ಎದುರು ನಿಂತಿದ್ದಳು. ತಂಡದ ಹಿರಿಯ ಹೆಂಗಸು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದರು, ರೂಪ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು. ತಡವರಿಸದೆ ಬರುತ್ತಿತ್ತು. ಆ ಹೆಂಗಸು ಪಕ್ಕದವರ ಕಡೆ ತಿರುಗಿ, ಈ ಹುಡುಗಿ ಸೋಲಿಗರವಳಂತೆ ಎಂದು ಮೆಚ್ಚಿಕೊಂಡು ಹೇಳಿದರು. ಆ ಹೊತ್ತಿಗೇ ಕೋಟಿನ ಜೇಬಿನಲ್ಲಿ ಫೋನು ನಡುಗಿತು. ರೂಪ ಅದನ್ನು ಅರ್ಧ ಎತ್ತಿ ಹೆಸರು ನೋಡಿದಳು. ಗುಂಡಿ ಒತ್ತಿ ನಡುಕ ನಿಲ್ಲಿಸಿದಳು. ಎರಡನೇ ಸಲವೂ ಹಾಗೇ ಮಾಡಿದಳು, ಮೂರನೇ ಸಲವೂ. ರಸ್ತೆಗೆ ಬಂದಿದ್ದೇವೆ ಎಂದು ಹೇಳಲು ಮಾಡುತ್ತಿರಬೇಕು, ಇದೊಂದು ಉತ್ತರ ಮುಗಿಸಿಬಿಡೋಣ ಎಂದುಕೊಂಡಳು. ಮುಕ್ಕಾಲು ಗಂಟೆಯ ಮೇಲೆ ಅವಳೇ ಮಾಡಿದಾಗ ಫೋನು ಸಿಗಲಿಲ್ಲ. ಅಷ್ಟರಲ್ಲಿ ಪೋಡಿನ ಗಂಡಸರು ಬೊಮ್ಮಿಯನ್ನು ತಲೆಯ ಮೇಲೆತ್ತಿ ಹಿಡಿದು ಎದೆಮಟ್ಟದ ನೀರಿಗೆ ಇಳಿದಿದ್ದರು. ಆಚೆ ದಡ ಮುಟ್ಟಿದಾಗ ಅವಳ ಉಸಿರು ನಿಂತಿತ್ತು. ಹೊಟ್ಟೆಯೊಳಗಿನ ಮಗುವೂ ಹೋಗಿತ್ತು.

ಸಂಜೆ ಗಾಡಿ ಹೆಣವನ್ನು ಆರೋಗ್ಯ ಕೇಂದ್ರಕ್ಕೆ ತಂದಿತು. ರೂಪಳೇ ಬೊಮ್ಮಿಯ ಮೈ ಒರೆಸಿದಳು. ಜಡೇಸ್ವಾಮಿ ಬಾಗಿಲ ಬಳಿ ಒದ್ದೆ ಬಟ್ಟೆಯಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. "ಪೋನ್ ಮಾಡ್ದೆ ಕಣವ್ವ, ನೀ ಸಿಕ್ನಿಲ್ಲ," ಎಂದ. ಚಾರ್ಜಿಗೆ ಹಾಕಿ ಆಚೆ ಕೋಣೆಯಲ್ಲಿ ಇಟ್ಟಿದ್ದೆ ಎಂಬ ಮಾತು ರೂಪಳ ಬಾಯಿಂದ ತಾನಾಗಿ ಬಂತು. ಅವನು ತಲೆಯಾಡಿಸಿದ. ಅದಕ್ಕೇನು ಮಾಡೋಕಾಗುತ್ತೆ ಎಂದ.

ಪೋಡಿನವರು ಬೈದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಯಾರೂ ಬೈಯಲಿಲ್ಲ. ಪೋಡಿಗೆ ಹೋದರೆ ಮೊದಲಿಗಿಂತ ಹೆಚ್ಚಿನ ಅಕ್ಕರೆಯಿಂದ ಕರೆದು ಕೂರಿಸಿದರು. ಗೆಳತಿಯನ್ನು ಕಳಕೊಂಡ ಹುಡುಗಿ ಸೊರಗಿಹೋಗಿದ್ದಾಳೆ ಎಂದು ದೊಡ್ಡಮಾದಮ್ಮ ಜೇನುತುಪ್ಪದ ಬಾಟಲಿ ಕಳಿಸಿದಳು. ಬೊಮ್ಮಿಯ ನಾಲ್ಕು ವರ್ಷದ ಮಗಳು ಓಡಿ ಬಂದು ಕಾಲಿಗೆ ತೆಕ್ಕೆ ಹಾಕಿಕೊಳ್ಳುತ್ತಿತ್ತು. ರೂಪಳ ಹತ್ತಿರ ಹೋಗಿದ್ದರೆ ಬೊಮ್ಮಿ ಬದುಕುತ್ತಿದ್ದಳು ಎಂದು ಎಲ್ಲರೂ ಹೇಳಿಕೊಂಡರು. ಆ ನಂಬಿಕೆಯೇ ಅವಳನ್ನು ತಿನ್ನತೊಡಗಿತು. ಊಟ ಸೇರದಾಯಿತು. ಕೆಲಸದ ಮೇಲೆ ಪೋಡಿಗೆ ಹೋಗುವ ಸರದಿಗಳನ್ನು ಏನಾದರೊಂದು ನೆಪ ಹೇಳಿ ತಪ್ಪಿಸಿದಳು. ತನ್ನನ್ನು ಯಾರೂ ನಂಬದ, ಯಾರೂ ಹೆಸರು ಹಿಡಿದು ಕರೆಯದ ಜಾಗ ಯಾವುದಾದರೂ ಇದ್ದರೆ ಅಲ್ಲಿಗೆ ಹೋಗಿಬಿಡಬೇಕು ಎನ್ನಿಸುತ್ತಿದ್ದಾಗ ಶ್ವೇತಾ ಮಲಾವಿಯ ಸುದ್ದಿ ತೋರಿಸಿದ್ದಳು. ಹದಿನಾರನೇ ಪ್ರಶ್ನೆಗೆ ಇದ್ದ ನಿಜವಾದ ಉತ್ತರ ಅದು. ಅದಕ್ಕೆ ಇನ್ನೂರು ಪದ ಬೇಕಿರಲಿಲ್ಲ.

ಸಂದರ್ಶನ ಲ್ಯಾಪ್‌ಟಾಪಿನಲ್ಲಿ ನಡೆಯಿತು, ಅದೇ ಮಾಳಿಗೆಯ ಕೋಣೆಯಲ್ಲಿ. ಸದ್ದು ಆಗಬಾರದೆಂದು ರಾಮಲಿಂಗಯ್ಯನವರು ಎರಡೂ ಮಗ್ಗ ನಿಲ್ಲಿಸಿ ಜಗುಲಿಯ ಮೇಲೆ ಕೂತರು. ಮೊದಲು ಶ್ವೇತಾಳನ್ನು ಕೇಳಿದರು, ಹತ್ತು ನಿಮಿಷದಲ್ಲಿ ಮುಗಿಯಿತು. ರೂಪಳದು ಮುಕ್ಕಾಲು ಗಂಟೆ ಎಳೆಯಿತು. ತೆರೆಯ ಮೇಲೆ ಮೂವರಿದ್ದರು, ಬೆಂಗಳೂರಿನ ಒಬ್ಬ ಗಂಡಸು, ನರೆಗೂದಲಿನ ಒಬ್ಬ ಬಿಳಿಯ ಹೆಂಗಸು, ಕನ್ನಡ ಬಲ್ಲ ಇನ್ನೊಬ್ಬಾಕೆ. ಕನ್ನಡದಲ್ಲೇ ಹೇಳಿ, ನಾನು ಅವರಿಗೆ ತಿಳಿಸುತ್ತೇನೆ ಎಂದು ಆಕೆ ಹೇಳಿದರು. ನಿಮ್ಮ ಗೆಳತಿಯ ಬಗ್ಗೆ ಬರೆದಿದ್ದೀರಿ, ಆ ದಿನ ಏನಾಯಿತು ಎಂದು ಕೇಳಿದರು.

ರೂಪ ಹೇಳಿದಳು. ಮಳೆ, ಕಂಬಳಿ, ಐದು ಕಿಲೋಮೀಟರಿನ ದಾರಿ, ತುಂಬಿದ ಹಳ್ಳ, ಆಚೆ ದಡದಲ್ಲಿ ಕಾಯುತ್ತಿದ್ದ ಗಾಡಿ. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಜೇಬಿನಲ್ಲಿ ನಡುಗಿದ ಫೋನು ಮಾತ್ರ ಅದರಲ್ಲಿ ಇರಲಿಲ್ಲ. ಹೇಳುತ್ತ ಹೋದಂತೆ ತನ್ನ ದನಿ ಎಲ್ಲಿ ತಗ್ಗಬೇಕೋ ಅಲ್ಲಿ ತಗ್ಗುತ್ತಿರುವುದು ಅವಳಿಗೇ ಕೇಳಿಸಿತು. ಬಿಳಿಯ ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಇಂಥ ನೋವನ್ನು ಸೇವೆಯಾಗಿ ಬದಲಾಯಿಸಿಕೊಂಡವರೇ ನಮಗೆ ಬೇಕು ಎಂದು ಆಕೆ ಹೇಳಿದ್ದನ್ನು ಕನ್ನಡದಾಕೆ ತಿಳಿಸಿದರು. ತೆರೆ ಆರಿಹೋದ ಮೇಲೆ ರೂಪ ಕೆಳಗಿಳಿದು ಹಿತ್ತಲಿಗೆ ಹೋಗಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸಿದಳು. ಶ್ವೇತಾಳ ತಾಯಿ ವಸಂತಮ್ಮ ಹೆದರಿಕೆಗೆ ಬಾಯಿ ಒಣಗಿದೆ ಎಂದುಕೊಂಡು ನಿಂಬೆ ಶರಬತ್ತು ಮಾಡಿಕೊಟ್ಟರು.

ಹದಿನೈದು ದಿನಕ್ಕೆ ಫಲಿತಾಂಶ ಬಂತು. ರೂಪ ಆಯ್ಕೆಯಾಗಿದ್ದಳು. ಶ್ವೇತಾಳ ಹೆಸರು ಕಾಯುವವರ ಪಟ್ಟಿಯಲ್ಲಿ ಮೊದಲನೆಯದಾಗಿತ್ತು. ಶ್ವೇತಾ ನಗಲು ನೋಡಿದಳು, ಆಗಲಿಲ್ಲ.

"ನಿನಗೆ ಹೇಳೋಕೆ ಒಂದು ಸಾವಿತ್ತು," ಎಂದಳು. "ನನಗೆ ಏನಿತ್ತು?"

ಆಮೇಲೆ ತಾನೇ ನಾಚಿಕೊಂಡು, ತಪ್ಪು ತಿಳಿಯಬೇಡ ಎಂದು ರೂಪಳ ಕೈ ಹಿಡಿದುಕೊಂಡಳು. ರೂಪ ತಪ್ಪು ತಿಳಿಯಲಿಲ್ಲ. ಆ ಮಾತಿನಲ್ಲಿ ತಪ್ಪೇನಿದೆ ಎಂದು ಹುಡುಕಿದರೂ ಅವಳಿಗೆ ಸಿಗಲಿಲ್ಲ.

ಪಾಸ್‌ಪೋರ್ಟಿಗೆ ಮೈಸೂರಿಗೆ ಹೋಗಿ ಅರ್ಜಿ ಕೊಟ್ಟು ಬಂದಳು. ಮೂರನೇ ವಾರ ಹನೂರಿನ ಪೊಲೀಸ್ ಠಾಣೆಯಿಂದ ಕರೆ ಬಂತು. ಕಾಯಂ ವಿಳಾಸ ಕೀರನಪೋಡು ಎಂದು ಕೊಟ್ಟಿದ್ದೀರಿ, ಅಲ್ಲಿಯವರೇ, ನಿಮ್ಮ ಸಂಬಂಧಿಗಳಲ್ಲದ ಇಬ್ಬರನ್ನು ಕರೆದುಕೊಂಡು ಬನ್ನಿ, ನಿಮ್ಮ ಗುಣನಡತೆ ಬಗ್ಗೆ ಅವರು ಹೇಳಿಕೆ ಕೊಟ್ಟು ಸಹಿ ಮಾಡಬೇಕು ಎಂದರು.

ಎರಡು ತಿಂಗಳಿಂದ ಹೋಗದಿದ್ದ ಪೋಡಿಗೆ ರೂಪ ಹೋದಳು. ಯಜಮಾನ ಕ್ಯಾತಯ್ಯನ ಮನೆಯ ಮುಂದೆ ಜನ ಸೇರಿದರು. ಆ ದೇಶ ಎಲ್ಲಿದೆ, ಅಲ್ಲೂ ಕಾಡಿದೆಯೇ, ಆನೆ ಇದೆಯೇ ಎಂದು ಕೇಳಿದರು. ಇದೆಯಂತೆ ಎಂದಾಗ ಖುಷಿಪಟ್ಟರು. ಬೊಮ್ಮಿಯ ಸಂಕಟ ನೋಡಲಾರದೆ ಈ ಹುಡುಗಿ ದೂರದ ಜನರ ಹೆರಿಗೆ ಮಾಡಿಸಲು ಹೊರಟಿದ್ದಾಳೆ ಎಂದು ಕ್ಯಾತಯ್ಯ ಎಲ್ಲರಿಗೂ ತಿಳಿಸಿ ಹೇಳಿದ. ಸಹಿಗೆ ನಾನು ಬರುತ್ತೇನೆ ಎಂದ. ಇನ್ನೊಬ್ಬರು ಯಾರು ಎನ್ನುವಷ್ಟರಲ್ಲಿ, ಹಿಂದೆ ಗೋಡೆಗೆ ಒರಗಿ ನಿಂತಿದ್ದ ಜಡೇಸ್ವಾಮಿ ನಾನು ಬರುತ್ತೇನೆ ಎಂದ. ಬೇಡಣ್ಣ, ನಿನ್ನ ಕೂಲಿ ತಪ್ಪುತ್ತೆ ಎಂದು ರೂಪ ಹೇಳಿ ನೋಡಿದಳು. ಒಂದು ದಿನದ ಕೂಲಿ ಹೋದರೆ ಹೋಗಲಿ ಎಂದ.

ಸೋಮವಾರ ಬೆಳಿಗ್ಗೆ ಮೂವರೂ ಠಾಣೆಯಲ್ಲಿ ಬೆಂಚಿನ ಮೇಲೆ ಕೂತರು. ಜಡೇಸ್ವಾಮಿ ಒಗೆದ ಬಿಳಿ ಷರಟು ಹಾಕಿದ್ದ. ಹೆಡ್ ಕಾನ್‌ಸ್ಟೇಬಲ್ ಮುತ್ತಯ್ಯ ಒಳ್ಳೆಯ ಮನುಷ್ಯ, ಇವರನ್ನು ಕಾಯಿಸಲಿಲ್ಲ. ಕ್ಯಾತಯ್ಯನ ಹೆಬ್ಬೆಟ್ಟು ಒತ್ತಿಸಿಕೊಂಡು ಜಡೇಸ್ವಾಮಿಯ ಕಡೆ ತಿರುಗಿದರು. ಎಷ್ಟು ವರ್ಷದಿಂದ ಗೊತ್ತು, ಯಾವುದಾದರೂ ಕೇಸು, ಗಲಾಟೆ, ಮೋಸ ಇದೆಯೇ ಎಂದು ಕೇಳಿದರು. ಇಲ್ಲ ಎಂದಿದ್ದರೆ ಸಾಕಿತ್ತು. ಜಡೇಸ್ವಾಮಿ ಎದ್ದು ನಿಂತು ಕೈಕಟ್ಟಿಕೊಂಡ.

"ಹುಟ್ಟಿದಾಗಿಂದ ಗೊತ್ತು ಸಾ. ನಮ್ ಮನೆಯವ್ಳು ಸತ್ತ ದಿನ ಈ ಮಗ ಏನ್ ಮಾಡ್ಬೋದೋ ಎಲ್ಲಾನೂ ಮಾಡ್ತು. ಪೋನ್ ಒಂದು ಕೈಲಿದ್ದಿದ್ರೆ ಎದ್ದೋ ಬಿದ್ದೋ ಬಂದ್ಬುಡ್ತಿತ್ತು. ಸುಳ್ಳು ಮೋಸ ಗೊತ್ತಿಲ್ಲ ಸಾ ಇವ್ಳಿಗೆ."

ಮುತ್ತಯ್ಯ ಅಷ್ಟನ್ನೂ ಬರೆದುಕೊಳ್ಳಲಿಲ್ಲ. ಗುಣನಡತೆ ಉತ್ತಮ ಎಂದು ಒಂದು ಸಾಲು ಬರೆದು ಕಾಗದ ಮುಂದೆ ತಳ್ಳಿದರು. ಜಡೇಸ್ವಾಮಿ ಪೆನ್ನು ಬಿಗಿಯಾಗಿ ಹಿಡಿದು ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದ. ಅವನು ಬರೆದು ಮುಗಿಸುವತನಕ ರೂಪ ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ನೋಡುತ್ತ ನಿಂತಿದ್ದಳು.

ಕ್ಯಾತಯ್ಯ ಬೀಡಿ ಎಲೆಯಡಿಕೆ ತರುತ್ತೇನೆಂದು ಅಂಗಡಿ ಕಡೆ ಹೋದ. ರೂಪ ಮತ್ತು ಜಡೇಸ್ವಾಮಿ ಬಸ್ ನಿಲ್ದಾಣದ ಕಲ್ಲುಕಟ್ಟೆಯ ಮೇಲೆ ಕೂತರು. ಮಾರ್ಟಳ್ಳಿಯ ಬಸ್ಸೊಂದು ಜನರನ್ನು ತುಂಬಿಕೊಳ್ಳುತ್ತಿತ್ತು. ಟೀ ಕುಡಿತೀಯಾ ಎಂದು ಅವನು ಕೇಳಿದ. ಅವಳು ಬೇಡ ಎಂದಳು. ಆಮೇಲೆ, ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದದ್ದು ಒಂದೇ ಮಾತಿನಲ್ಲಿ ಹೊರಗೆ ಬಂತು.

"ಅಣ್ಣ, ಅವತ್ತು ಪೋನು ಚಾರ್ಜಿಗೆ ಆಕಿರ್ನಿಲ್ಲ. ನನ್ ಜೇಬಲ್ಲೇ ಇತ್ತು."

ಅವನಿಗೆ ಮೊದಲು ತಿಳಿಯಲಿಲ್ಲ. ಅವಳು ಉಳಿದದ್ದನ್ನೂ ಹೇಳಿದಳು. ತಪಾಸಣೆಯ ತಂಡ, ಇಂಗ್ಲಿಷಿನ ಪ್ರಶ್ನೆ, ಮೂರು ಸಲ ಒತ್ತಿದ ಗುಂಡಿ, ಕೇಳದೆ ಬಿಟ್ಟ ಜೀಪು. ಒಂದನ್ನೂ ತನ್ನ ಕಡೆಗೆ ವಾಲಿಸಿ ಹೇಳಲಿಲ್ಲ. ಜಡೇಸ್ವಾಮಿ ಕೈಗಳನ್ನು ಮೊಣಕಾಲ ಮೇಲೆ ಊರಿಕೊಂಡು ಕೇಳಿಸಿಕೊಂಡ. ಮಾರ್ಟಳ್ಳಿಯ ಬಸ್ಸು ಹೊರಟುಹೋಯಿತು.

"ಯಾರು ಅಂತ ನೋಡ್ದಾ?" ಎಂದ.

"ನೋಡ್ದೆ."

"ನಂದೇ ಅಂತ ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

ಅವನು ಎದ್ದು ಠಾಣೆಯ ದಿಕ್ಕಿಗೆ ನಾಲ್ಕು ಹೆಜ್ಜೆ ಹಾಕಿದ. ಸಹಿ ಹಿಂದಕ್ಕೆ ಕೇಳಲು ಹೊರಟ ಎಂದುಕೊಂಡಳು. ಹಾಗಾದರೆ ಒಳ್ಳೆಯದೇ ಎಂದೂ ಅನ್ನಿಸಿತು. ಆದರೆ ಅವನು ನಡುದಾರಿಯಲ್ಲಿ ನಿಂತ, ತಿರುಗಿ ಬಂದ. ಅವನ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಬಂಡೆಯಿಂದ ಓಡಿ ಬಂದವನಂತೆ ಉಸಿರು ಮಾತ್ರ ಜೋರಾಗಿತ್ತು.

"ಓಗ್ಬುಡು ನೀನು. ಆ ದೇಸಕ್ಕೇ ಓಗ್ಬುಡು. ನಮ್ ಪೋಡ್ಗೆ ಮಾತ್ರ ಕಾಲಿಡ್ಬ್ಯಾಡ."

ಕ್ಯಾತಯ್ಯ ಬರುವ ಮುಂಚೆಯೇ ಅವನು ನಡೆದುಹೋಗಿದ್ದ. ಬಸ್ಸಿಗೂ ಕಾಯಲಿಲ್ಲ. ರೂಪ ಅಜ್ಜೀಪುರದ ಬಸ್ಸು ಹತ್ತಿದಳು. ಇಷ್ಟು ದಿನ ತಾನು ಬಯಸಿದ್ದೂ ಅದನ್ನೇ, ದೂರ ಹೋಗಿಬಿಡುವುದನ್ನು. ಈಗ ಅದು ಅವನ ಬಾಯಿಂದ ಬಂದ ಮೇಲೆ ಶಿಕ್ಷೆಯಾಗಿತ್ತು. ಶಿಕ್ಷೆಯಾದರೂ ಒಪ್ಪಿಕೊಂಡು ಹೋಗೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಮಾರನೇ ದಿನ ಡಾಕ್ಟರು ಷಡಕ್ಷರಿಯವರಿಗೂ ಹೇಳಿದಳು. ಅವರು ಬಹಳ ಹೊತ್ತು ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡಿದರು. ಕೇಳಬಹುದಿತ್ತಲ್ಲಮ್ಮ, ಜೀಪು ಕೊಡುತ್ತಿದ್ದೆನಲ್ಲ ಎಂದರು. ಹಾಗೆಂದವರು ತಮ್ಮ ಹಿಂದಿನ ಗೋಡೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದ ಪ್ರಮಾಣಪತ್ರದ ಕಡೆ ನೋಡಿ, ನಿಜಕ್ಕೂ ಕೊಡುತ್ತಿದ್ದೆನೇ ಎಂದು ತಮ್ಮನ್ನೇ ಕೇಳಿಕೊಂಡವರಂತೆ ಕಂಡರು. ಬರವಣಿಗೆಯಲ್ಲಿ ಕೊಡಬೇಡ, ಎಲ್ಲರಿಗೂ ತೊಂದರೆಯಾಗುತ್ತದೆ, ಹೇಗೂ ಹೊರಟಿದ್ದೀಯಲ್ಲ ಎಂದರು.

ಪಾಸ್‌ಪೋರ್ಟು ಅಂಚೆಯಲ್ಲಿ ಬಂತು. ಹೊರಡಲು ಇಪ್ಪತ್ತು ದಿನ ಉಳಿದಿದ್ದಾಗ, ಒಂದು ಮಧ್ಯಾಹ್ನ ದೊಡ್ಡಮಾದಮ್ಮ ಅಜ್ಜೀಪುರದ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಎಪ್ಪತ್ತು ದಾಟಿದ ಮುದುಕಿ. ಟಾರು ರಸ್ತೆಯತನಕ ನಡೆದು, ಅಲ್ಲಿಂದ ಬಸ್ಸು ಹಿಡಿದು ಬಂದಿದ್ದಳು. ರೂಪ ಹುಟ್ಟಿದಾಗ ಹೆರಿಗೆ ಮಾಡಿಸಿದವಳೂ ಅವಳೇ. ಚಾಪೆ ಹಾಸಿದರೆ ಕೂರಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ. ಗೋಡೆ ಹಿಡಿದು ನಿಂತೇ ಮಾತಾಡಿದಳು.

"ಜಡೇಸ್ವಾಮಿ ಎಲ್ಲಾನೂ ಯೋಳ್ದ. ನಿನ್ ತಪ್ಪ ಒಟ್ಟೆಗಾಕ್ಕೊಳಾಕೆ ನಾ ಬಂದಿಲ್ಲ. ಬೊಮ್ಮಿನೂ ಈ ಕೈಲೇ ಎತ್ಕಂಡಿದ್ದೋಳು ನಾನು."

ರೂಪ ತಲೆ ತಗ್ಗಿಸಿದಳು.

"ನಮ್ ಪೋಡಿನ ದೇವಮ್ಮುಂಗೆ ಏಳು ತಿಂಗ್ಳು ತುಂಬ್ಯದೆ. ಕಾಲು ಮೊಕ ಊದ್ಕಂಡವೆ, ತಲ್ನೋವು ಅಂತಾಳೆ. ನಂಗೆ ಕಣ್ ಕಾಣಕಿಲ್ಲ. ನೀ ಓದ್ಮ್ಯಾಕೆ ಇನ್ನೊಬ್ಳು ಬತ್ತಾಳೆ, ಅವ್ಳಿಗೆ ನಮ್ ದಾರಿ ಗೊತ್ತಿಲ್ಲ, ನಮ್ ಮಾತು ಗೊತ್ತಿಲ್ಲ. ಈ ಹೆಣ್ಣನ್ನ ಯಾರ್ ಕೈಗೆ ಕೊಡಾನ?"

"ಅಣ್ಣ ಪೋಡ್ಗೆ ಕಾಲಿಡ್ಬ್ಯಾಡ ಅಂದವ್ನೆ ಅಜ್ಜಿ."

"ಅವ್ನು ಅನ್ನಾದು ಸರಿ. ನಾ ಕೇಳಾದೂ ಸರಿ."

ರೂಪಳಿಗೆ ಅಳು ಬಂತು. ಅತ್ತರೆ ಮುದುಕಿ ಸಮಾಧಾನ ಮಾಡಬೇಕಾಗುತ್ತದೆ ಎಂದು ತಡೆದುಕೊಂಡಳು. ನನ್ನ ಮೇಲೆ ಇನ್ನೂ ನಂಬಿಕೆ ಇದೆಯಾ ಎಂದು ಕೇಳಿದಳು.

"ಇಲ್ಲ," ಎಂದಳು ದೊಡ್ಡಮಾದಮ್ಮ. "ನಂಬ್ಕೆ ಇದ್ದಿದ್ರೆ ಇಷ್ಟು ದೂರ ನಾನ್ಯಾಕೆ ನಡ್ಕಂಡ್ ಬತ್ತಿದ್ದೆ? ಇಲ್ದೆ ಇರದಕ್ಕೇ ಬಂದೆ. ನಮ್ಗೆ ಇನ್ಯಾರವ್ರೆ?"

ಅಷ್ಟು ಹೇಳಿ ಹೊರಟಳು. ಬಸ್ಸಿನತನಕ ಬರುತ್ತೇನೆ ಎಂದರೆ ಬೇಡ ಎಂದಳು. ಆದರೂ ರೂಪ ಹತ್ತು ಮಾರು ಹಿಂದೆ ನಡೆದುಹೋಗಿ, ಮುದುಕಿ ಬಸ್ಸು ಹತ್ತುವುದನ್ನು ನೋಡಿಕೊಂಡು ಬಂದಳು.

ಆ ವಾರ ಅವಳು ಸೇವಾಸೇತುವಿಗೆ ಪತ್ರ ಬರೆದಳು. ಈ ಸಲ ಶ್ವೇತಾಳ ಸಹಾಯ ಕೇಳಲಿಲ್ಲ, ಕನ್ನಡದಲ್ಲೇ ಬರೆದಳು. ಹದಿನಾರನೇ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಪೂರ್ತಿ ನಿಜವಲ್ಲ, ಸೇವೆ ಮಾಡಲು ಅಲ್ಲ, ಇಲ್ಲಿಂದ ತಪ್ಪಿಸಿಕೊಳ್ಳಲು ಅರ್ಜಿ ಹಾಕಿದ್ದೆ, ಬರಲಾರೆ ಎಂದು ಬರೆದು ನಡೆದದ್ದನ್ನು ತಿಳಿಸಿದಳು. ಸಂದರ್ಶನದಲ್ಲಿದ್ದ ಕನ್ನಡದಾಕೆ ಫೋನು ಮಾಡಿದರು. ಒಳ್ಳೆಯ ಮನಸ್ಸಿನವರು. ಎಲ್ಲರೂ ಏನೋ ಒಂದರಿಂದ ತಪ್ಪಿಸಿಕೊಳ್ಳಲೇ ಬರುತ್ತಾರೆ, ಅಲ್ಲಿ ಹೋಗಿ ಒಳ್ಳೆಯ ಕೆಲಸ ಮಾಡುತ್ತಾರೆ, ಇನ್ನೊಮ್ಮೆ ಯೋಚಿಸಿ ಎಂದರು. ರೂಪ ಯೋಚಿಸಿಯೇ ಬರೆದಿದ್ದೇನೆ ಎಂದಳು.

ಜಾಗ ಶ್ವೇತಾಳಿಗೆ ಸಿಕ್ಕಿತು. ಶ್ವೇತಾ ಎಲ್ಲವನ್ನೂ ಕೇಳಿದ ಮೇಲೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆ ಇನ್ನೂರು ಪದ ನನ್ನ ಕೈಯಿಂದ ಬರೆಸಿದೆಯಲ್ಲ ಎಂಬುದಷ್ಟೇ ಅವಳ ದೂರು. ಹೊರಡುವ ದಿನ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಅಪ್ಪ ಅಮ್ಮನ ಎದುರು ರೂಪಳನ್ನು ತಬ್ಬಿಕೊಂಡಳು. ಹೋದ ಮೇಲೆ ಮೊದಮೊದಲು ವಾರಕ್ಕೊಮ್ಮೆ ಫೋಟೊ ಕಳಿಸುತ್ತಿದ್ದಳು. ಕೆಂಪು ಮಣ್ಣಿನ ದಾರಿ, ತಗಡಿನ ಮಾಡು, ಸಾಲಾಗಿ ಕೂತ ಬಸುರಿಯರು. ಕೆಲಸದಲ್ಲಿ ಅವಳು ಚುರುಕು, ಅಲ್ಲಿ ಅವಳನ್ನು ಮೆಚ್ಚಿಕೊಂಡಿದ್ದರು. ಕ್ರಮೇಣ ಫೋಟೊಗಳು ನಿಂತವು.

ದೇವಮ್ಮನನ್ನು ರೂಪ ಎಂಟನೇ ತಿಂಗಳಿಗೇ ಪೋಡಿನಿಂದ ಇಳಿಸಿಕೊಂಡು ಬಂದು ಶ್ವೇತಾ ಮಲಗುತ್ತಿದ್ದ ಜಾಗದಲ್ಲಿ ಇರಿಸಿಕೊಂಡಳು. ಕರೆತರಲು ಹೋದ ದಿನ ಡಾಕ್ಟರ ಎದುರು ನಿಂತು ಜೀಪು ಕೇಳಿ, ಗೇಟಿನ ದಾರಿಯಲ್ಲೇ ಹೋಗಿ, ಪೋಡಿನ ಅಂಚಿನಲ್ಲೇ ಜೀಪು ನಿಲ್ಲಿಸಿ ಅವಳನ್ನು ಹತ್ತಿಸಿಕೊಂಡಿದ್ದಳು. ದೇವಮ್ಮ ಇಪ್ಪತ್ತೊಂದರ ಹುಡುಗಿ, ಮಾತು ಕಡಿಮೆ. ರೂಪ ರಕ್ತದೊತ್ತಡ ನೋಡುವಾಗ ಕೈ ಚಾಚುತ್ತಿದ್ದಳು, ಮುಖ ಆಚೆ ತಿರುಗಿಸುತ್ತಿದ್ದಳು. ಕೊಟ್ಟದ್ದನ್ನು ಉಂಡು ಗೋಡೆ ಕಡೆ ಮಗ್ಗುಲಾಗಿ ಮಲಗುತ್ತಿದ್ದಳು. ಮೂರನೇ ವಾರ ಒತ್ತಡ ಏರಿತು, ಕಣ್ಣು ಮಂಜಾಗುತ್ತಿದೆ ಎಂದಳು. ರೂಪ ಆಗಲೇ ಗಾಡಿ ಕರೆಸಿ ಕೊಳ್ಳೇಗಾಲದ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು. ಚಿಕ್ಕದು, ಆದರೆ ಚೆನ್ನಾಗಿ ಅತ್ತಿತು. ಐದನೇ ದಿನ ದೇವಮ್ಮನ ಗಂಡ ದೊರೆಸ್ವಾಮಿ ಬಂದು ತಾಯಿ ಮಗುವನ್ನು ಕರೆದುಕೊಂಡು ಹೋದ. 

ಹದಿನೈದನೇ ದಿನ ಮಗುವಿನ ತೂಕ ನೋಡಲು ರೂಪ ಪೋಡಿಗೆ ಹೋಗಬೇಕಿತ್ತು. ಹೋದಳು. ನಾಯಿಗಳು ಗುರುತು ಹಿಡಿದು ಬಾಲ ಅಲ್ಲಾಡಿಸಿದವು. ಮನೆಗಳ ಮುಂದೆ ಕೂತಿದ್ದ ಹೆಂಗಸರು ಮಾತು ನಿಲ್ಲಿಸಿದರು, ಹೋಗು ಎಂದೂ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಬೊಮ್ಮಿಯ ಮಗಳು ಎಂದಿನಂತೆ ಓಡಿ ಬರಲು ಎದ್ದಿತು. ಕ್ಯಾತಯ್ಯನ ಹೆಂಡತಿ ಅದರ ತೋಳು ಹಿಡಿದು ಕೂರಿಸಿದಳು. ಕಾಡಿನಿಂದ ಬರುತ್ತಿದ್ದ ಜಡೇಸ್ವಾಮಿ ಅವಳನ್ನು ಕಂಡು ಒಂದು ಗಳಿಗೆ ನಿಂತ. ಅವನು ಬೈಯುತ್ತಾನೆ, ಅಟ್ಟುತ್ತಾನೆ ಎಂದು ರೂಪ ಕಾದಳು. ಅವನು ದಾರಿ ಬದಲಿಸಿ ಮನೆಗಳ ಹಿಂದಿನಿಂದ ಬಳಸಿಕೊಂಡು ಹೋದ.

ದೊಡ್ಡಮಾದಮ್ಮ ಮಗುವನ್ನು ಎತ್ತಿ ತಂದು ತಕ್ಕಡಿಯ ಜೋಳಿಗೆಯಲ್ಲಿ ಮಲಗಿಸಿದಳು. ಎರಡು ಕಿಲೋ ಮುನ್ನೂರು ಗ್ರಾಂ. ರೂಪ ಕಾರ್ಡಿನಲ್ಲಿ ಬರೆದಳು, ಹೊಕ್ಕುಳು ನೋಡಿದಳು, ದೇವಮ್ಮನ ಹೊಲಿಗೆ ನೋಡಿದಳು, ಮಾತ್ರೆ ಎಣಿಸಿ ಕೊಟ್ಟಳು. ಮುಂದಿನ ಚುಚ್ಚುಮದ್ದು ಯಾವತ್ತು ಎಂದು ದೊಡ್ಡಮಾದಮ್ಮ ಕೇಳಿದಳು. ತಾರೀಕು ಹೇಳಿದಾಗ ಮುದುಕಿ ಅದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡು, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ರೂಪ ತಕ್ಕಡಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಬಿಸಿಲು ಇಳಿಯುವ ಮೊದಲೇ ಅಲ್ಲಿಂದ ಹೊರಟಳು.